ಔಷಧಿಗೆ ಮೊದಲು ಎಲೆ ತಿರುಗಿಸಿ ನೋಡಿ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಶ್ರೀಕಾರ್ಯಂನಲ್ಲಿ ಆಡಿದ ಮಾತುಗಳ ಬರಹರೂಪ)



ಹಣ್ಣಿನ ಗಿಡಗಳ ಎಲೆರೋಗದ ಬಗ್ಗೆ ಮಾತಾಡು ಎಂದು ನನ್ನನ್ನು ಕರೆದದ್ದು ಸ್ವಲ್ಪ ತಮಾಷೆಯ ವಿಷಯ. ನಾನು ಕೃಷಿ ಓದಿದವಳಲ್ಲ. ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಟೆಕ್ ಮಾಡಿ, ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಟೆಕ್ನೋಪಾರ್ಕಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮಿನ ತಪ್ಪು ಹುಡುಕಿ ಹೊಟ್ಟೆ ಹೊರೆಯುವವಳು. ಆದರೂ ಒಪ್ಪಿಕೊಂಡೆ. ಯಾಕೆಂದರೆ ಒಂದು ಗಿಡವನ್ನು ಹೇಗೆ ಕೊಲ್ಲಬಹುದು ಎನ್ನುವುದರಲ್ಲಿ ನನಗೆ ಸ್ವಂತ ಅನುಭವವಿದೆ. ಅದನ್ನು ಹೇಳಿದರೆ ನಿಮ್ಮ ಮನೆಯ ಒಂದಾದರೂ ಗಿಡ ಉಳಿದೀತು.

ಕಳೆದ ಮಳೆಗಾಲದಿಂದ ನಿಮ್ಮಲ್ಲಿ ಅನೇಕರು ನನಗೆ ಎಲೆಗಳ ಫೋಟೋ ಕಳಿಸಿದ್ದೀರಿ. ಮಾವಿನೆಲೆ, ನಿಂಬೆ ಎಲೆ, ಪೇರಳೆ, ಪಪ್ಪಾಯಿ. ಬಹುತೇಕ ಎಲ್ಲ ಫೋಟೋಗಳ ಕೆಳಗೂ ಒಂದೇ ಪ್ರಶ್ನೆ: "ಇದಕ್ಕೆ ಏನು ಹೊಡೀಬೇಕು?" ಇದು ಏನು ಎಂದು ಕೇಳಿದವರು ಕಡಿಮೆ. ನಾನೂ ಹಾಗೆಯೇ ಇದ್ದೆ. ಅಲ್ಲಿಂದಲೇ ಶುರುಮಾಡುತ್ತೇನೆ.

ನಮ್ಮದು ಇಲ್ಲೇ ಶ್ರೀಕಾರ್ಯಂನಲ್ಲಿ ಐದು ಸೆಂಟ್ ಜಾಗದ ಚಿಕ್ಕ ಮನೆ. ಮುಂದೆ ಗೇಟು, ಹಿಂದೆ ಬಾವಿ. ಎರಡು ವರ್ಷದ ಹಿಂದೆ ಮೇ ತಿಂಗಳ ಕೊನೆಯಲ್ಲಿ ಅಪ್ಪ ಅಮ್ಮ ಸಾಗರದ ಕಡೆಯ ನಮ್ಮೂರಿಂದ ಬಂದರು. ಮಂಗಳೂರಿನವರೆಗೆ ಬಸ್ಸು, ಅಲ್ಲಿಂದ ರಾತ್ರಿಯಿಡೀ ರೈಲು. ಅಪ್ಪನ ಎರಡೂ ಕೈಯಲ್ಲಿ ಎರಡು ಹಳೆಯ ಎಣ್ಣೆ ಡಬ್ಬ. ಅದರಲ್ಲಿ ಅವರೇ ಕಸಿ ಕಟ್ಟಿದ ಎರಡು ಅಪ್ಪೆಮಿಡಿ ಗಿಡಗಳು. ಬಟ್ಟೆಯ ಚೀಲವನ್ನು ಅಮ್ಮನೇ ಹೊತ್ತಿದ್ದರು.

ಅಪ್ಪೆಮಿಡಿ ಗೊತ್ತಿಲ್ಲದ ಮಲೆನಾಡಿನವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಶರಾವತಿ, ಅಘನಾಶಿನಿ, ವರದಾ ನದಿಗಳ ದಂಡೆಯಲ್ಲಿ ತಾನಾಗಿ ಬೆಳೆಯುವ ಮಾವು ಅದು. ಹಣ್ಣಿಗಲ್ಲ, ಮಿಡಿ ಉಪ್ಪಿನಕಾಯಿಗೆ. ತೊಟ್ಟು ಮುರಿದರೆ ಸೊನೆಯ ಪರಿಮಳ ಮೂರು ಕೋಣೆ ದಾಟುತ್ತದೆ. ಪ್ರತಿ ಮರದ್ದೂ ಒಂದೊಂದು ಪರಿಮಳ, ಹಾಗಾಗಿ ಬೀಜ ಹಾಕಿದರೆ ಅದೇ ಮಿಡಿ ಸಿಗುತ್ತದೆ ಎಂಬ ಭರವಸೆ ಇಲ್ಲ, ಕಸಿಯನ್ನೇ ಕಟ್ಟಬೇಕು. ಅಪ್ಪ ತಂದದ್ದು ಅಜ್ಜನ ಕಾಲದಿಂದ ನಮ್ಮ ಮನೆಯ ಜಾಡಿ ತುಂಬುತ್ತಿದ್ದ ಮರದ ಕುಡಿ. "ಇಲ್ಲಿಯ ಹವೆಗೆ ಮಿಡಿ ಬಿಡ್ತದೋ ಇಲ್ವೋ, ಗಿಡ ಆದ್ರೂ ಇರ್ಲಿ" ಎಂದು ಒಂದನ್ನು ಗೇಟಿನ ಪಕ್ಕ, ಇನ್ನೊಂದನ್ನು ಬಾವಿಯ ಹತ್ತಿರ ನೆಟ್ಟು ಹೋದರು.

ಜೂನ್ ಜುಲೈ ಮಳೆಯಲ್ಲಿ ಎರಡೂ ಚೆನ್ನಾಗಿ ಚಿಗುರಿದವು. ಅಕ್ಟೋಬರಿನಲ್ಲಿ ತುಲಾವರ್ಷ ಶುರುವಾಯಿತು. ನಮ್ಮೂರಿನಲ್ಲಿ ಆ ಹೊತ್ತಿಗೆ ಮಳೆ ಮುಗಿಯುತ್ತಾ ಬಂದಿರುತ್ತದೆ, ಇಲ್ಲಿ ಎರಡನೆಯ ಸುತ್ತು. ಒಂದು ಶನಿವಾರ ಗೇಟಿನ ಪಕ್ಕದ ಗಿಡದ ಎಲೆಗಳ ಮೇಲೆ ಕಂದು ಚುಕ್ಕೆಗಳು ಕಂಡವು. ನನಗೆ ಎದೆ ಧಸಕ್ಕೆಂದಿತು. ಫೋನಿನಲ್ಲಿ ಹತ್ತು ನಿಮಿಷ ಓದಿದೆ. ಮಾವು, ಕಂದು ಚುಕ್ಕೆ, ಮಳೆಗಾಲ ಅಂದರೆ ಚಿಬ್ಬು ರೋಗ. ಅದಕ್ಕೆ ಬೋರ್ಡೋ ದ್ರಾವಣ. ಬೋರ್ಡೋ ಅಂದರೆ ಮೈಲುತುತ್ತು ಮತ್ತು ಸುಣ್ಣ. ಅಂಗಡಿಯಲ್ಲಿ ಮೈಲುತುತ್ತು ಸಿಕ್ಕಿತು, ಸುಣ್ಣ ಸಿಗಲಿಲ್ಲ. ಮಳೆ ಬಿಟ್ಟ ದಿನ ಅದೊಂದೇ. ಬರೀ ಮೈಲುತುತ್ತನ್ನೇ ನೀರಿಗೆ ಕಲಸಿದೆ. ಹುಳವೂ ಇದ್ದರೆ ಇರಲಿ ಎಂದು ಅದಕ್ಕೇ ಬೇವಿನೆಣ್ಣೆ ಸುರಿದು, ಎಣ್ಣೆ ಕರಗಲಿ ಎಂದು ಪಾತ್ರೆ ತೊಳೆಯುವ ಸಾಬೂನಿನ ದ್ರಾವಣ ಹಾಕಿದೆ. ಮಧ್ಯಾಹ್ನ ಒಂದು ಗಂಟೆಯ ಬಿಸಿಲಿನಲ್ಲಿ ಎಲೆ ತೋಯುವಂತೆ ಹೊಡೆದೆ. ಉಳಿದದ್ದನ್ನು ವ್ಯರ್ಥ ಯಾಕೆ ಎಂದು ಬುಡಕ್ಕೆ ಹೊಯ್ದೆ.

ಮಂಗಳವಾರದ ಹೊತ್ತಿಗೆ ಎಲೆಗಳೆಲ್ಲ ಹುರಿದ ಹಪ್ಪಳದಂತಾಗಿದ್ದವು. ಎರಡು ವಾರದಲ್ಲಿ ಕಸಿ ಮೇಲಿನಿಂದ ಒಣಗುತ್ತಾ ಬಂದು ಸತ್ತಿತು. ಬಾವಿಯ ಹತ್ತಿರದ ಗಿಡ ಬದುಕಿದ್ದು ನನ್ನ ಜಾಣತನದಿಂದಲ್ಲ. ಅದಕ್ಕೆ ಹೊಡೆಯಲು ದ್ರಾವಣ ಉಳಿದಿರಲಿಲ್ಲ, ಅಷ್ಟೆ. ಉಳಿದಿದ್ದರೆ ಅದನ್ನೂ ನಾವು ಕುಡಿಯುವ ನೀರಿನ ಬಾವಿಯ ಪಕ್ಕದಲ್ಲೇ ಸುರಿಯುತ್ತಿದ್ದೆ. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟ ಕೆಲಸ. ಅಪ್ಪನಿಗೆ ಹೇಳಲಿಲ್ಲ. ಭಾನುವಾರದ ವಿಡಿಯೋ ಕಾಲಿನಲ್ಲಿ "ಗಿಡ ಹೇಗಿದೆ ತೋರ್ಸು" ಅಂದರೆ ಬಾವಿಯ ಹತ್ತಿರದ ಗಿಡ ತೋರಿಸುತ್ತಿದ್ದೆ. "ಗೇಟಿನ ಹತ್ರದ್ದು?" ಅಂದರೆ ಮನೆಯ ಇನ್ನೊಂದು ಪಕ್ಕದಿಂದ ಸುತ್ತಿ ಬಂದು ಅದೇ ಗಿಡವನ್ನು ಬೇರೆ ಕೋನದಿಂದ ತೋರಿಸುತ್ತಿದ್ದೆ. ಆರು ತಿಂಗಳು ಹೀಗೇ ನಡೆಯಿತು.

ಆಫೀಸಿನಲ್ಲಿ ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ: ಲಾಗ್ ಓದದೆ ಪ್ರೋಗ್ರಾಮಿಗೆ ಕೈ ಹಾಕಬೇಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೊದಲು ಒಂದು ಕಡೆ ಪ್ರಯೋಗಿಸಿ ಆಮೇಲೆ ಎಲ್ಲ ಕಡೆ ಹಾಕಿ. ಈ ಮೂರನ್ನೂ ಒಂದೇ ಮಧ್ಯಾಹ್ನ ಮುರಿದಿದ್ದೆ. ಗಿಡಕ್ಕೂ ಲಾಗ್ ಇರುತ್ತದೆ. ಅದು ಎಲೆಯ ಮೇಲೆ ಬರೆದಿರುತ್ತದೆ, ಹೆಚ್ಚಿನದು ಎಲೆಯ ಕೆಳಗೆ. ಆ ಗಿಡ ಸತ್ತ ಮೇಲೆ ನಾನು ಓದುವುದನ್ನು ಕಲಿಯತೊಡಗಿದೆ. ಕಲಿತದ್ದನ್ನು ಐದು ಪ್ರಶ್ನೆಗಳಾಗಿ ಇಟ್ಟುಕೊಂಡಿದ್ದೇನೆ. ಔಷಧಿ ತರುವ ಮೊದಲು ಈ ಐದನ್ನು ಕೇಳಿಕೊಳ್ಳಿ.

ಮೊದಲನೆಯದು: ತೊಂದರೆ ಹಳೆಯ ಎಲೆಯಲ್ಲೋ, ಹೊಸ ಎಲೆಯಲ್ಲೋ? ಕೆಳಗಿನ ಹಳೆಯ ಎಲೆಗಳು ಮಾತ್ರ ಒಂದೇ ಸಮನೆ ಹಳದಿಯಾಗುತ್ತಿದ್ದರೆ ಅದು ಹೆಚ್ಚಾಗಿ ಹಸಿವು. ಸಾರಜನಕ ಸಾಲದಿದ್ದಾಗ ಗಿಡ ಹಳೆಯ ಎಲೆಯಿಂದ ತೆಗೆದು ಹೊಸ ಚಿಗುರಿಗೆ ಕೊಡುತ್ತದೆ, ನಮ್ಮ ಅಮ್ಮಂದಿರ ಹಾಗೆ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ ಇರಬಹುದು. ಇಲ್ಲಿಯದು ಜಂಬಿಟ್ಟಿಗೆ ಮಣ್ಣು, ಎರಡು ಮಳೆಗಾಲ ಬೇರೆ. ಮಣ್ಣಿನ ಸತ್ವ ತೊಳೆದು ಹೋಗುತ್ತಲೇ ಇರುತ್ತದೆ. ಕಾಂಪೋಸ್ಟ್ ಬೇಕಾದ ಗಿಡಕ್ಕೆ ವಿಷ ಹೊಡೆದರೆ ಏನು ಪ್ರಯೋಜನ? ಇನ್ನೊಂದು ಮಾತು. ಮಾವಿನ ಹೊಸ ಚಿಗುರು ತಾಮ್ರದ ಬಣ್ಣದಲ್ಲಿ ಜೋತುಬಿದ್ದು ಬರುವುದು ರೋಗವಲ್ಲ, ಅದರ ಸ್ವಭಾವ. ನಿಮ್ಮಲ್ಲಿ ಇಬ್ಬರು ಅದರ ಫೋಟೋ ಕಳಿಸಿ ಗಾಬರಿಯಾಗಿದ್ದಿರಿ. ಹೆಸರು ಹೇಳುವುದಿಲ್ಲ.

ಎರಡನೆಯದು: ಎಲೆ ತಿರುಗಿಸಿದರೆ ಹಿಂದೆ ಏನಿದೆ? ಪೇರಳೆ ಎಲೆಯ ಕೆಳಗೆ ಬಿಳಿಯ ಮೇಣದಲ್ಲಿ ಸುರುಳಿ ರಂಗೋಲಿ ಬರೆದಂತಿದ್ದರೆ ಅದು ಸುರುಳಿ ಬಿಳಿನೊಣ. ಭಾರತದಲ್ಲಿ ಈ ಕೀಟ ಮೊದಲು ಕಂಡದ್ದು 1993ರಲ್ಲಿ, ಇದೇ ಕೇರಳದಲ್ಲಿ, ಮರಗೆಣಸಿನ ಮೇಲೆ. ಈಗ ಪೇರಳೆ ಇರುವ ಕಡೆಯೆಲ್ಲ ಇದೆ. ಇದಕ್ಕೆ ನನ್ನ ಮೊದಲ ಔಷಧಿ ಪೈಪಿನ ನೀರು. ಎಲೆಯ ಕೆಳಗಿನಿಂದ ಜೋರಾಗಿ ನೀರು ಹಾಯಿಸಿ ಮೂರು ನಾಲ್ಕು ದಿನಕ್ಕೊಮ್ಮೆ ತೊಳೆದರೆ ಅರ್ಧ ಕೆಲಸ ಮುಗಿಯುತ್ತದೆ. ಎಲೆಯ ಮೇಲೆ ಮಸಿ ಬಳಿದಂತೆ ಕಪ್ಪಾಗಿದ್ದರೆ ಬೆರಳಿನಿಂದ ಒರೆಸಿ ನೋಡಿ. ಒರೆಸಿದರೆ ಹೋಗುತ್ತದೆ ಅಂದರೆ ಅದು ಎಲೆಯನ್ನು ತಿನ್ನುತ್ತಿರುವ ರೋಗವಲ್ಲ. ಮೇಲಿನ ಎಲೆಯಲ್ಲಿ ರಸ ಹೀರುವ ಕೀಟ ಉದುರಿಸಿದ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು. ಮಸಿಗೆ ಮದ್ದು ಹುಡುಕಬೇಡಿ, ಮೇಲೆ ಕೂತ ಕೀಟವನ್ನು ಹುಡುಕಿ.

ಮೂರನೆಯದು: ಇರುವೆ ಏರುತ್ತಿದೆಯೇ? ನಮ್ಮ ಕಡೆ ಚಗಳಿ ಅನ್ನುತ್ತೇವಲ್ಲ, ಆ ಕೆಂಪಿರುವೆ ಸಾಲುಗಟ್ಟಿ ಕಾಂಡ ಏರುತ್ತಿದ್ದರೆ ಮೇಲೆ ಅದರ ಹಟ್ಟಿ ಇದೆ ಅಂತ ತಿಳಿಯಿರಿ. ಹಿಟ್ಟು ತಿಗಣೆ, ಸಸ್ಯಹೇನುಗಳನ್ನು ಇರುವೆಗಳು ಹಸು ಸಾಕಿದಂತೆ ಸಾಕಿ, ಅವುಗಳ ಸಿಹಿ ಅಂಟನ್ನು ಕರೆದುಕೊಳ್ಳುತ್ತವೆ. ಹಾಗೆಂದು ಚಗಳಿಯನ್ನು ಪೂರಾ ಓಡಿಸಲೂ ಬೇಡಿ, ಅದು ಎಷ್ಟೋ ಎಲೆ ತಿನ್ನುವ ಹುಳಗಳನ್ನು ಹೊತ್ತೊಯ್ಯುತ್ತದೆ.

ನಾಲ್ಕನೆಯದು: ಚುಕ್ಕೆಯ ಅಂಚು ಹೇಗಿದೆ? ನಿಂಬೆ ಎಲೆಯಲ್ಲಿ ಬೆಳ್ಳಿಯ ಗೆರೆ ಅಂಕುಡೊಂಕಾಗಿ ಹರಿದಿದ್ದರೆ ಅದು ಎಲೆಯೊಳಗೆ ಸುರಂಗ ಕೊರೆಯುವ ರಂಗೋಲಿ ಹುಳು. ಮುಟ್ಟಿದರೆ ಉಬ್ಬಿಕೊಂಡು ಒರಟಾಗಿ, ಸುತ್ತ ಹಳದಿ ಬಳೆಯಿರುವ ಚುಕ್ಕೆಯಾದರೆ ಕಜ್ಜಿ ರೋಗ, ಅದು ಬ್ಯಾಕ್ಟೀರಿಯಾದ್ದು. ಇವೆರಡಕ್ಕೂ ನಂಟಿದೆ: ಹುಳು ಮಾಡಿದ ಗಾಯದಿಂದಲೇ ಕಜ್ಜಿ ಸುಲಭವಾಗಿ ಒಳಹೋಗುತ್ತದೆ. ನಿಂಬೆ, ಕರಿಬೇವು ಎರಡರ ಮೇಲೂ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳ ಇದ್ದರೆ ಅದು ಮುಂದೆ ಚಿಟ್ಟೆಯಾಗುತ್ತದೆ, ಕೈಯಲ್ಲಿ ತೆಗೆದರೆ ಸಾಕು. ಮಾವು, ಪೇರಳೆಯ ಹಳೆಯ ಎಲೆಯ ಮೇಲೆ ಇಟ್ಟಿಗೆ ಬಣ್ಣದ, ಮಖಮಲ್ಲಿನಂಥ ದುಂಡು ಮಚ್ಚೆ ಇದ್ದರೆ ಅದು ಶಿಲೀಂಧ್ರವೇ ಅಲ್ಲ, ಒಂದು ಬಗೆಯ ಪಾಚಿ. ಗಾಳಿ ಬೆಳಕು ಸಾಲದ ಕಡೆ ಬರುತ್ತದೆ; ಸುತ್ತಲಿನ ಕೊಂಬೆ ಸವರಿದರೆ ಕಡಿಮೆಯಾಗುತ್ತದೆ. ಚಿಬ್ಬು ರೋಗ ಎಳೆಯ ಎಲೆಗಳಲ್ಲಿ, ಬಿಡದೆ ಮಳೆ ಬಂದು ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದಾಗ ಹೆಚ್ಚು. ಕಂದು ಕಪ್ಪು ಚುಕ್ಕೆಗಳು ಸೇರಿ ದೊಡ್ಡದಾಗಿ, ನಡುವೆ ಒಣಗಿ ತೂತಾಗುತ್ತವೆ.

ಐದನೆಯದು: ಒಂದೇ ಗಿಡಕ್ಕೋ, ಎಲ್ಲ ಜಾತಿಯ ಗಿಡಕ್ಕೋ? ಒಂದೇ ಬದಿಯ ಮಾವು, ದಾಸವಾಳ, ಕರಿಬೇವು ಮೂರೂ ಒಟ್ಟಿಗೆ ಸುಟ್ಟಂತಾದರೆ ಅದು ರೋಗವಾಗಿರುವ ಸಂಭವ ಕಡಿಮೆ. ಗೋಡೆಯ ಬಿಸಿಯೋ, ಸಿಮೆಂಟ್ ತೊಳೆದ ನೀರೋ, ಪಕ್ಕದಲ್ಲಿ ಹೊಡೆದ ಕಳೆನಾಶಕವೋ ನೋಡಿ.

ಐದನ್ನೂ ಕೇಳಿ ಉತ್ತರ ಸಿಕ್ಕ ಮೇಲೂ ಹೊಡೆಯಲು ಏನೂ ಇಲ್ಲ ಎಂಬ ಉತ್ತರವೇ ಬರಬಹುದು. ಅದನ್ನು ತಿಳಿಯಲು ಶ್ರೀಕಾರ್ಯಂಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ನಾವು ದಿನಾ ಬಸ್ಸಿನಲ್ಲಿ ದಾಟಿ ಹೋಗುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 1963ರಿಂದ ಇಲ್ಲಿದೆ. ಅಲ್ಲಿಯ ಮುಖ್ಯ ಬೆಳೆ ಮರಗೆಣಸು, ಇಲ್ಲಿಯವರ ಕಪ್ಪ. ಅದಕ್ಕೆ ಬರುವ ಮೊಸಾಯಿಕ್ ರೋಗದಲ್ಲಿ ಎಲೆ ಹಳದಿ ಹಸಿರು ತೇಪೆಯಾಗಿ ಮುರುಟುತ್ತದೆ. ಅದು ವೈರಸ್. ಬಿಳಿನೊಣ ಹರಡುತ್ತದೆ, ರೋಗದ ಗಿಡದಿಂದ ಕಡಿದು ನೆಟ್ಟ ಕಾಂಡವೂ ಹರಡುತ್ತದೆ. ಒಮ್ಮೆ ಬಂದ ಮೇಲೆ ಯಾವ ಸಿಂಪಡಣೆಯೂ ಗಿಡವನ್ನು ಗುಣಪಡಿಸುವುದಿಲ್ಲ. ವಿಜ್ಞಾನಿಗಳು ಹಿಡಿದ ದಾರಿ ಎಂದರೆ ಆರೋಗ್ಯವಾದ ಕಾಂಡವನ್ನೇ ಆರಿಸಿ ನೆಡುವುದು, ರೋಗ ತಡೆಯುವ ತಳಿ ಹುಡುಕುವುದು. 'ಶ್ರೀ ಪದ್ಮನಾಭ' ಅಂಥದೊಂದು ತಳಿ. ನಮ್ಮ ಪಪ್ಪಾಯಿಗೆ ಬರುವ ಉಂಗುರ ಚುಕ್ಕೆ ರೋಗ, ಬಾಳೆಯ ಎಲೆಗಳು ತುದಿಯಲ್ಲಿ ಗುಚ್ಛವಾಗಿ ನಿಂತುಬಿಡುವ ರೋಗ, ಇವೂ ವೈರಸ್‌ಗಳೇ. ಕಷ್ಟವಾದರೂ ಆ ಗಿಡ ಕಿತ್ತು ಹಾಕಿ, ಪಕ್ಕದ್ದನ್ನು ಉಳಿಸಿಕೊಳ್ಳಿ.

ಇಷ್ಟೆಲ್ಲ ಕಲಿತ ಮೇಲೂ ನಾನು ಇನ್ನೊಂದು ತಪ್ಪು ಮಾಡಿದೆ. ಇದು ಗಿಡಕ್ಕಲ್ಲ, ಮಗಳಿಗೆ.

ಕಳೆದ ವರ್ಷ ಮಳೆ ಬಿದ್ದು ಬಾವಿಯ ಹತ್ತಿರದ ಅಪ್ಪೆಮಿಡಿ ಚಿಗುರಿತು. ಒಂದು ಬೆಳಿಗ್ಗೆ ನೋಡಿದರೆ ಎಳೆ ಎಲೆಗಳೆಲ್ಲ ತೊಟ್ಟಿನ ಹತ್ತಿರ ಅಡ್ಡಕ್ಕೆ ನೇರವಾಗಿ ಕತ್ತರಿಸಿ ಕೆಳಗೆ ಬಿದ್ದಿವೆ. ಹುಳ ತಿಂದ ಹಾಗಲ್ಲ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ, ಅವಳ ಬಳಿ ಕ್ರಾಫ್ಟ್ ಕತ್ತರಿ ಇದೆ, ಹಿಂದಿನ ದಿನ ಬಣ್ಣದ ಕಾಗದ ಕತ್ತರಿಸಿದ್ದಳು. ಮತ್ತೇನು ಸಾಕ್ಷಿ ಬೇಕು? ಚೆನ್ನಾಗಿ ಬೈದೆ. "ನಾನಲ್ಲ ಅಮ್ಮ" ಅಂದಳು. ಸುಳ್ಳು ಬೇರೆ ಹೇಳುತ್ತೀಯಾ ಎಂದು ಕತ್ತರಿ ಕಿತ್ತುಕೊಂಡು ಅಟ್ಟದ ಮೇಲಿಟ್ಟೆ. ಅಪ್ಪನಿಗೆ ಆರು ತಿಂಗಳು ಸುಳ್ಳು ಹೇಳಿದವಳು ನಾನು.

ಮರುದಿನ ಅವಳು ಶಾಲೆಯಲ್ಲಿದ್ದಾಗ ಇನ್ನೂ ನಾಲ್ಕು ಎಲೆ ಬಿದ್ದವು.

ಬಿದ್ದ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಕೃಷಿಭವನಕ್ಕೆ ಒಯ್ದೆ. ಅಲ್ಲಿಯ ಅಧಿಕಾರಿ ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ನಡುನರದ ಪಕ್ಕದಲ್ಲಿ ಸಣ್ಣ ಗುಳ್ಳೆಗಳಂಥ ಮೊಟ್ಟೆ. ಅದು ಮಾವಿನ ಎಲೆ ಕತ್ತರಿಸುವ ಮೂತಿಹುಳು. ಹೆಣ್ಣು ಹುಳು ಎಳೆ ಎಲೆಯಲ್ಲಿ ಮೊಟ್ಟೆಯಿಟ್ಟು, ತನ್ನ ಉದ್ದ ಮೂತಿಯಿಂದ ಎಲೆಯನ್ನು ಅಡ್ಡ ಕತ್ತರಿಸಿ ನೆಲಕ್ಕೆ ಬೀಳಿಸುತ್ತದೆ. ಮರಿ ಆ ಬಿದ್ದ ತುಂಡಿನೊಳಗೇ ತಿಂದು ಬೆಳೆದು, ಮಣ್ಣಿಗಿಳಿದು ಕೋಶವಾಗಿ, ಮತ್ತೆ ಹುಳುವಾಗಿ ಗಿಡಕ್ಕೆ ಹಾರುತ್ತದೆ. "ಗಿಡಕ್ಕೆ ಏನೂ ಹೊಡೀಬೇಡಿ. ಬಿದ್ದ ಎಲೆಯನ್ನು ದಿನಾ ಹೆಕ್ಕಿ ಸುಟ್ಟುಬಿಡಿ, ಬುಡದ ಮಣ್ಣನ್ನು ಮೆಲ್ಲಗೆ ಕೆದಕಿ" ಎಂದರು. ಇಡೀ ಚಿಕಿತ್ಸೆ ಗಿಡದ ಮೇಲಲ್ಲ, ನೆಲದ ಮೇಲೆ!

ಸಂಜೆ ಕತ್ತರಿಯನ್ನು ಅಟ್ಟದಿಂದ ಇಳಿಸಿ ಮಗಳ ಮುಂದಿಟ್ಟು "ತಪ್ಪಾಯ್ತು ಪುಟ್ಟಾ" ಅಂದೆ. ಅವಳು ಹುಳವನ್ನು ನೋಡಬೇಕು ಅಂದಳು. ಮೂರನೆಯ ದಿನ ಬೆಳಿಗ್ಗೆ ಇಬ್ಬರೂ ಕಂಡೆವು: ಅಕ್ಕಿಕಾಳಿಗಿಂತ ದೊಡ್ಡದಲ್ಲದ ಕಂದು ಹುಳು, ಎಲೆಯ ಅಂಚಿನಿಂದ ಶುರುಮಾಡಿ ದರ್ಜಿಯ ಹಾಗೆ ಕತ್ತರಿಸುತ್ತಿತ್ತು. ಅವತ್ತಿನಿಂದ ಬಿದ್ದ ಎಲೆ ಹೆಕ್ಕುವುದು ಅವಳ ಕೆಲಸ. ತುಂಡಿಗೊಂದು ರೂಪಾಯಿ ಕೂಲಿ. ಎರಡು ವಾರದಲ್ಲಿ ನನ್ನ ಚಿಲ್ಲರೆ ಖಾಲಿಯಾಯಿತು, ಎಲೆ ಬೀಳುವುದೂ ನಿಂತಿತು.

ಹಾಗಾದರೆ ಏನನ್ನೂ ಹೊಡೆಯಲೇಬಾರದೇ ಎಂದು ನೀವು ಕೇಳಬಹುದು. ಹಾಗಲ್ಲ. ನಾನು ಕೆಡಿಸಿದ ಬೋರ್ಡೋ ದ್ರಾವಣದ ಕಥೆಯನ್ನೇ ಕೇಳಿ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ರಸ್ತೆಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತು ಸುಣ್ಣ ಕಲಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ಬಾರದ್ದನ್ನು ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ನಮ್ಮ ಅಡಿಕೆಗೆ ಅದು ಬಂದದ್ದು ಲೆಸ್ಲಿ ಕೋಲ್ಮನ್ ಅವರಿಂದ. 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಅವರು ಕೊಳೆರೋಗಕ್ಕೆ ಕಾರಣವಾದ ಜೀವಿಯನ್ನು ಮೊದಲು ಗುರುತಿಸಿ, ಆಮೇಲೆ ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದರು. ಅದಕ್ಕೂ ಮೊದಲು ನಮ್ಮ ಹಿರಿಯರು ಮಳೆ ತಾಗದಂತೆ ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಸೂಕ್ಷ್ಮದರ್ಶಕ ಇಲ್ಲದಿದ್ದರೂ ಒದ್ದೆಯೇ ಮೂಲ ಎಂದು ಅವರಿಗೆ ತಿಳಿದಿತ್ತು. ಮೂವರೂ ಮಾಡಿದ್ದು ಮೊದಲು ನೋಡುವುದು.

ಮಾಡುವ ಕ್ರಮ ಬರೆದುಕೊಳ್ಳಿ. ಶೇಕಡಾ 1ರ ದ್ರಾವಣಕ್ಕೆ 10 ಲೀಟರ್ ನೀರು, 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಟ್ಟ ಸುಣ್ಣ. ಎಳೆಯ ಗಿಡಕ್ಕೆ ನಾನು ಎರಡನ್ನೂ 50 ಗ್ರಾಂ ಮಾತ್ರ ಹಾಕುತ್ತೇನೆ. ಪ್ಲಾಸ್ಟಿಕ್ ಬಕೆಟಿನಲ್ಲೇ ಮಾಡಿ, ಲೋಹದ ಪಾತ್ರೆ ಬೇಡ. 5 ಲೀಟರಿನಲ್ಲಿ ಮೈಲುತುತ್ತು, ಇನ್ನೊಂದು 5 ಲೀಟರಿನಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ಸುಣ್ಣದ ನೀರು ತಣ್ಣಗಾದ ಮೇಲೆ ಅದಕ್ಕೆ ಮೈಲುತುತ್ತಿನ ನೀರನ್ನು ಕಲಕುತ್ತಾ ಮೆಲ್ಲಗೆ ಸುರಿಯಿರಿ. ಆಕಾಶನೀಲಿ ಬಣ್ಣ ಬರುತ್ತದೆ. ಉಜ್ಜಿ ಹೊಳೆಯಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅದರ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಸುಣ್ಣ ಬರೀ ಜೊತೆಗಾರನಲ್ಲ, ಮೈಲುತುತ್ತಿನ ಉರಿಯನ್ನು ತಣಿಸುವುದೇ ಅದು. ನನ್ನ ಗಿಡ ಸತ್ತದ್ದು ಆ ಸುಣ್ಣವಿಲ್ಲದೆ. ಮಾಡಿದ ದಿನವೇ, ಮಳೆಯಿಲ್ಲದ ಹೊತ್ತಿನಲ್ಲಿ, ಕೈಗವಸು ಮುಖಗವಸು ಹಾಕಿ ಹೊಡೆಯಿರಿ. ಬಾವಿಯ ಬಳಿ ಬೇಡ. ಬೇವಿನೆಣ್ಣೆಯಾದರೆ ಲೀಟರಿಗೆ 5 ಮಿಲಿ, ಸ್ವಲ್ಪ ಸಾಬೂನು, ಸಂಜೆಯ ಹೊತ್ತು. ಯಾವುದೇ ಆದರೂ ಮೊದಲು ಒಂದೇ ಕೊಂಬೆಗೆ ಹೊಡೆದು ಮೂರು ದಿನ ಕಾಯಿರಿ.

ಇಷ್ಟೊಂದು ಎಚ್ಚರ ಯಾಕೆ ಎಂದರೆ ನಾವಿರುವುದು ಕೇರಳದಲ್ಲಿ, ನಾವಾಡುವುದು ಕನ್ನಡ. ಈ ಎರಡೂ ಕೂಡುವ ಕಾಸರಗೋಡಿನಲ್ಲಿ ಏನಾಯಿತು ಎಂದು ನಮಗೆ ಗೊತ್ತಿರಬೇಕು. ಗೇರುಗಿಡದ ಚಿಗುರು ಹೀರುವ ಟೀ ಸೊಳ್ಳೆಗೆಂದು ಸರ್ಕಾರಿ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ತೋಟದ ಕೆಳಗೆ ಎಣ್ಮಕಜೆ, ಪಡ್ರೆ, ಸ್ವರ್ಗದಂಥ ಊರುಗಳಿದ್ದವು. ಮನೆ, ಶಾಲೆ, ತೊರೆ, ತೆರೆದ ಸುರಂಗದ ನೀರು ಇದ್ದವು. ಪಡ್ರೆಯ ಪತ್ರಕರ್ತ ಶ್ರೀಪಡ್ರೆಯವರು 1970ರ ದಶಕದ ಕೊನೆಯಲ್ಲೇ ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಬರೆದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಮನೆಮನೆಯ ಲೆಕ್ಕ ಇಟ್ಟರು. ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಎಂಡೋಸಲ್ಫಾನ್ ತಡೆದದ್ದು 2011ರಲ್ಲಿ. ಬಾಧಿತರಿಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿದ್ದು 2017ರಲ್ಲಿ. ಅಲ್ಲಿಯ ತಾಯಂದಿರು ಬೆಳೆದ ಮಕ್ಕಳನ್ನು ಇನ್ನೂ ಎತ್ತಿಕೊಂಡೇ ಓಡಾಡುತ್ತಿದ್ದಾರೆ. ನಮ್ಮ ಕೈಯಲ್ಲಿರುವುದು ಒಂದು ಲೀಟರಿನ ಸ್ಪ್ರೇ ಬಾಟಲಿ, ನಿಜ. ಆದರೆ ಆ ಎಲೆಯನ್ನು ಮುಟ್ಟುವುದು ನಮ್ಮ ಮಕ್ಕಳೇ.

ಎದುರಿಗೆ ಒಂದು ಒಳ್ಳೆಯ ಕಥೆಯೂ ಇದೆ. ಪಪ್ಪಾಯಿಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ದಕ್ಷಿಣವನ್ನೆಲ್ಲ ಹಬ್ಬಿತು. ಹೊಡೆದ ವಿಷಕ್ಕೆ ಅದು ಜಗ್ಗಲಿಲ್ಲ, ಮೈಮೇಲೆ ಮೇಣದ ಹೊದಿಕೆ ಬೇರೆ. 2010ರಲ್ಲಿ ನಮ್ಮ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಪೋರ್ಟೊರಿಕೊದಿಂದ ಆ ತಿಗಣೆಯೊಳಗೇ ಮೊಟ್ಟೆಯಿಡುವ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜವನ್ನು ತರಿಸಿ, ಬೆಳೆಸಿ, ಹಂಚಿತು. ತಿಗಣೆ ಹತೋಟಿಗೆ ಬಂತು. ಸಿಕ್ಕಿದ್ದನ್ನೆಲ್ಲ ಹೊಡೆದರೆ ಮೊದಲು ಸಾಯುವುದು ಇಂಥ ನೆಂಟರು.

ಇನ್ನು ಅಪ್ಪನ ವಿಷಯ ಹೇಳಿ ಮುಗಿಸುತ್ತೇನೆ.

ಮಗಳಿಗೆ ತಪ್ಪಾಯ್ತು ಅಂದ ಮೇಲೆ ಅಪ್ಪನಿಗೆ ಹೇಳದೆ ಇರಲು ಆಗಲಿಲ್ಲ. ಆ ಭಾನುವಾರ ಫೋನು ಮಾಡಿ, ಗೇಟಿನ ಹತ್ತಿರದ ಗಿಡ ಸತ್ತುಹೋಗಿದೆ, ಎಂದೋ ಹೋಗಿದೆ, ನಾನೇ ಕೊಂದದ್ದು ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ತು" ಅಂದರು. "ನೀನು ಎರಡು ಸಲ ತೋರಿಸಿದ್ದೂ ಸೊಟ್ಟ ಗಂಟಿನ ಗಿಡನೇ. ಗೇಟಿನ ಹತ್ರ ನೆಟ್ಟಿದ್ದರ ಕಸಿ ನೆಟ್ಟಗಿತ್ತು. ಕಟ್ಟಿದವನಿಗೆ ಗೊತ್ತಾಗದೇ ಇರ್ತದಾ?"

ನಾನು ಏನೂ ಹೇಳಲಾರದೆ ಕೂತೆ. ಆಗ ಅವರು ಕೇಳಿದರು, "ಹೊಡೆಯೋ ಮುಂಚಿನ ಎಲೆ ಫೋಟೋ ಇದ್ಯಾ?" ಇತ್ತು, ಕಳಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇದರ ಹಿಂಭಾಗದ್ದು ಎಲ್ಲಿ?" ಅಂದರು.

ಹಿಂಭಾಗದ್ದು ಇರಲಿಲ್ಲ. ನಾನು ಆ ಎಲೆಯನ್ನು ಒಂದು ಸಲವೂ ತಿರುಗಿಸಿರಲಿಲ್ಲ. ಆ ಗಿಡಕ್ಕೆ ನಿಜವಾಗಿ ಏನಾಗಿತ್ತು, ಏನಾದರೂ ಆಗಿತ್ತೇ ಎನ್ನುವುದು ಇವತ್ತಿಗೂ ನನಗೆ ತಿಳಿಯದು.

ಅದಕ್ಕೇ ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಫೋಟೋ ಕಳಿಸುವಾಗ ಎರಡು ಕಳಿಸಿ: ಮುಂಭಾಗದ್ದು, ಹಿಂಭಾಗದ್ದು. ತಿಳಿಯದಿದ್ದರೆ ಆಗತಾನೇ ಶುರುವಾದ ಒಂದು ಎಲೆ, ಚೆನ್ನಾಗಿ ಕೆಟ್ಟ ಒಂದು ಎಲೆ, ಎರಡನ್ನೂ ಪ್ಲಾಸ್ಟಿಕ್ಕಿನಲ್ಲಲ್ಲ, ಕಾಗದದಲ್ಲಿ ಸುತ್ತಿ ಹತ್ತಿರದ ಕೃಷಿಭವನಕ್ಕೆ ಒಯ್ಯಿರಿ. ಭಾಷೆ ಬಾರದೆಂದು ಸಂಕೋಚ ಬೇಡ. ನನ್ನ ಮಲಯಾಳಂ ಕೇಳಿ ನಕ್ಕರು, ಆದರೆ ಎಲೆಯನ್ನು ಬೆಳಕಿಗೆ ಹಿಡಿದು ತೋರಿಸಿದರು.

ಸೊಟ್ಟ ಗಂಟಿನ ಅಪ್ಪೆಮಿಡಿ ಈಗ ನನ್ನ ಭುಜದೆತ್ತರ ಬಂದಿದೆ. ಅಪ್ಪ ಬರುವ ಮೇ ತಿಂಗಳಲ್ಲಿ ಇನ್ನೊಂದು ಕಸಿ ತರುತ್ತಾರಂತೆ. ಗೇಟಿನ ಪಕ್ಕದ ಗುಂಡಿಯನ್ನು ಈಗಲೇ ತೆಗೆದು, ಸುಣ್ಣ ಉದುರಿಸಿ, ಸಗಣಿ ಗೊಬ್ಬರ ತುಂಬಿ ಇಟ್ಟಿದ್ದೇನೆ. ಹಳೆಯ ಮಣ್ಣನ್ನು ತೆಗೆದು ಹಾಕಿದ್ದೇನೆ.

 ಹೊರಡುವ ಮೊದಲು ಎಲ್ಲರೂ ಒಮ್ಮೆ ಹಿತ್ತಲಿಗೆ ಬನ್ನಿ, ಈ ಮನೆಯ ಪೇರಳೆ ಗಿಡದ ಎಲೆ ತಿರುಗಿಸಿ ನೋಡೋಣ.